ತ್ರಿವಾದ್ಯ ಗೋಷ್ಠಿ

ಪಿಟೀಲಿನ ನಾದವನ್ನು ಕೇಳದ ಸಂಗೀತಾಭಿಮಾನಿಗಳು ನಮ್ಮ ನಾಡಿನಲ್ಲಿ ವಿರಳ. ಯುರೋಪಿನಿಂದ ಬಂದ ಈ ವಾದ್ಯವನ್ನು ಹತ್ತೊಂಬತ್ತನೆಯ ಶತಮಾನದ ಆದಿಭಾಗದಲ್ಲಿ ಬಾಲುಸ್ವಾಮಿ ದೀಕ್ಷಿತರಂಥ ವಿದ್ವಾಂಸರು ಕರ್ನಾಟಕ ಸಂಗೀತಕ್ಕೆ ಒಗ್ಗಿಸಿಕೊಂಡರು. ಮೈಸೂರಿನ ಟಿ. ಚೌಡಯ್ಯನವರು ಏಳು ತಂತಿಗಳ ಪಿಟೀಲನ್ನು ನುಡಿಸಿ ಕೀರ್ತಿವಂತರಾದರು. ನಮ್ಮ ಹಾಡುಗಾರಿಕೆಯ ಕಚೇರಿಯಲ್ಲಿ ಪಿಟೀಲು ಪಕ್ಕವಾದ್ಯ. ಗಾಯಕರು ಮುಂದೆ ನಡೆದರೆ ಅದು ನೆರಳಿನಂತೆ ಹಿಂಬಾಲಿಸುತ್ತದೆ. ಆದರೆ ತನ್ನ ತವರಿನಲ್ಲಿ ಅದಕ್ಕೆ ಇನ್ನೊಂದು ಬಗೆಯ ಬಾಳುವೆಯೂ ಉಂಟು. ಅಲ್ಲಿ ಅದು ಚೆಲೊ ಮತ್ತು ಪಿಯಾನೊ ಎಂಬ ಎರಡು ವಾದ್ಯಗಳೊಡನೆ ಸರಿಸಮನಾಗಿ ಕುಳಿತು ಮಾತನಾಡುತ್ತದೆ. ಮೂವರಲ್ಲಿ ಯಾರೂ ಯಜಮಾನರಲ್ಲ, ಯಾರೂ ಪಕ್ಕದವರಲ್ಲ.

ಇಂಥ ಸಂಗೀತಕ್ಕೆ ಪಾಶ್ಚಾತ್ಯರು ಚೇಂಬರ್ ಸಂಗೀತ ಎನ್ನುತ್ತಾರೆ. ಚೇಂಬರ್ ಎಂದರೆ ಕೋಣೆ. ದೊಡ್ಡ ಸಭಾಂಗಣಕ್ಕಾಗಿ ಅಲ್ಲ, ಮನೆಯ ಒಂದು ಕೋಣೆಯಲ್ಲಿ ಸೇರಿದ ಕೆಲವೇ ಆಪ್ತರಿಗಾಗಿ ಹುಟ್ಟಿದ ಸಂಗೀತವಿದು. ನೂರು ಮಂದಿಯ ವಾದ್ಯವೃಂದವನ್ನು ನಡೆಸಲು ಕೋಲು ಹಿಡಿದು ನಿಲ್ಲುವ ನಿರ್ದೇಶಕನಿರುತ್ತಾನೆ. ಚೇಂಬರ್ ಸಂಗೀತದಲ್ಲಿ ಅವನಿಲ್ಲ. ವಾದಕರು ಒಬ್ಬರನ್ನೊಬ್ಬರು ನೋಡಿ, ತಲೆಯನ್ನು ತುಸು ಆಡಿಸಿ, ಒಂದೇ ಉಸಿರಿನಲ್ಲಿ ಆರಂಭಿಸುತ್ತಾರೆ. ನುಡಿಸುವ ಸ್ವರಗಳೆಲ್ಲ ಮೊದಲೇ ಹಾಳೆಯ ಮೇಲೆ ಬರೆದಿರುತ್ತವೆ, ನಿಜ. ಆದರೆ ಎಷ್ಟು ಮೆಲ್ಲಗೆ, ಎಷ್ಟು ತಡೆದು, ಯಾರಿಗೆ ಯಾವಾಗ ದಾರಿ ಬಿಟ್ಟು ನುಡಿಸಬೇಕೆಂಬುದನ್ನು ಹಾಳೆಯು ಪೂರ್ತಿಯಾಗಿ ಹೇಳಲಾರದು. ಅದನ್ನು ಕಿವಿಯೇ ಹೇಳಬೇಕು.

ಮೂರು ವಾದ್ಯಗಳ ಸ್ವಭಾವಗಳೂ ಬೇರೆ ಬೇರೆ. ಪಿಟೀಲು ಚಿಕ್ಕದು, ಅದರ ದನಿ ಎತ್ತರದ್ದು, ಚುರುಕಾದದ್ದು. ಚೆಲೊ ಅದೇ ಕುಲಕ್ಕೆ ಸೇರಿದ ಹಿರಿಯಣ್ಣ. ಸುಮಾರು ನಾಲ್ಕು ಅಡಿ ಎತ್ತರದ ಅದನ್ನು ವಾದಕನು ಕುರ್ಚಿಯಲ್ಲಿ ಕುಳಿತು, ಮೊಣಕಾಲುಗಳ ನಡುವೆ ನಿಲ್ಲಿಸಿಕೊಂಡು, ಕಮಾನಿನಿಂದ ನುಡಿಸುತ್ತಾನೆ. ಅದರ ದನಿ ಮಂದ್ರ, ಗಂಭೀರ. ಪಿಯಾನೊ ಇವೆರಡಕ್ಕಿಂತ ಭಿನ್ನವಾದುದು. ಅದರ ಕೀಲಿಯನ್ನು ಬೆರಳಿನಿಂದ ಒತ್ತಿದರೆ ಒಳಗಿನ ಪುಟ್ಟ ಸುತ್ತಿಗೆಯೊಂದು ತಂತಿಯನ್ನು ಹೊಡೆಯುತ್ತದೆ. ಕಮಾನಿನ ವಾದ್ಯವು ಸ್ವರವನ್ನು ಹಿಡಿದು ನಿಲ್ಲಿಸಬಲ್ಲದು, ಬೆಳೆಸಬಲ್ಲದು. ಪಿಯಾನೊದ ಸ್ವರವಾದರೋ ಹುಟ್ಟಿದ ಕ್ಷಣದಿಂದಲೇ ಕ್ಷೀಣಿಸತೊಡಗುತ್ತದೆ. ಆದರೆ ಅದು ಹಲವು ಸ್ವರಗಳನ್ನು ಒಟ್ಟಿಗೆ ನುಡಿಯಬಲ್ಲದು. ಅಬ್ಬರಿಸಿದರೆ ಉಳಿದೆರಡನ್ನೂ ಮುಳುಗಿಸಬಲ್ಲದು. ಆದುದರಿಂದ ಪಿಯಾನೊ ನುಡಿಸುವವನು ತನ್ನ ಬೆರಳುಗಳಿಗಿಂತ ಹೆಚ್ಚಾಗಿ ಜೊತೆಗಾರರ ನಾದದ ಮೇಲೆ ಗಮನವಿಡಬೇಕಾಗುತ್ತದೆ. ಹೀಗಿರುವಾಗ ಆ ಮೂವರಲ್ಲಿ ಒಬ್ಬನಿಗೆ ಕಿವಿಯೇ ಕೇಳದಿದ್ದರೆ? ಈ ಪ್ರಶ್ನೆ ಕಲ್ಪನೆಯದಲ್ಲ. ಅದು ಲುಡ್ವಿಗ್ ವಾನ್ ಬೀಥೋವನನ ಬಾಳಿನಲ್ಲಿ ನಿಜವಾಗಿ ಎದುರಾಯಿತು.

ಬೀಥೋವನ್ 1770ರಲ್ಲಿ ಜರ್ಮನಿಯ ಬಾನ್ ನಗರದಲ್ಲಿ ಹುಟ್ಟಿದನು. 1792ರಲ್ಲಿ ಸಂಗೀತದ ರಾಜಧಾನಿಯೆನಿಸಿದ್ದ ವಿಯೆನ್ನಾಕ್ಕೆ ಬಂದು ನೆಲೆಸಿದನು. ಅಲ್ಲಿನ ಶ್ರೀಮಂತರ ಮನೆಗಳಲ್ಲಿ ಸಂಜೆಯ ಸಂಗೀತಕೂಟಗಳು ನಡೆಯುತ್ತಿದ್ದವು. ಲಿಚ್ನೋವ್‌ಸ್ಕಿ ಎಂಬ ರಾಜಕುಮಾರನ ಮನೆಯ ಅಂಥ ಒಂದು ಕೂಟದಲ್ಲಿ ಬೀಥೋವನನ ಮೂರು ತ್ರಿವಾದ್ಯ ಕೃತಿಗಳನ್ನು ನುಡಿಸಲಾಯಿತು. ಅವನಿಗೆ ಪಾಠ ಹೇಳಿದ್ದ ಹಿರಿಯ ವಾಗ್ಗೇಯಕಾರ ಹೈಡನ್ ಸಹ ಕೇಳುಗರಲ್ಲಿದ್ದನು. ಹೈಡನನು ಕೃತಿಗಳನ್ನು ಮೆಚ್ಚಿದನಾದರೂ ಮೂರನೆಯದನ್ನು ಪ್ರಕಟಿಸದಿರುವುದು ಲೇಸೆಂದನಂತೆ. ತರುಣನಿಗೆ ಇದು ರುಚಿಸಲಿಲ್ಲ. 1795ರಲ್ಲಿ ಮೂರೂ ಅಚ್ಚಾದವು. ತನ್ನ ಕೃತಿಗಳ ಗಣನೆಯಲ್ಲಿ ಮೊದಲ ಸಂಖ್ಯೆಯನ್ನು ಅವನು ಇವುಗಳಿಗೇ ಕೊಟ್ಟನು. ಅಲ್ಲಿಯವರೆಗೆ ಇಂಥ ಕೃತಿಗಳಲ್ಲಿ ಚೆಲೊ ಬಹುಮಟ್ಟಿಗೆ ಪಿಯಾನೊದ ಕೆಳದನಿಯನ್ನೇ ಅನುಸರಿಸುತ್ತಿತ್ತು. ಬೀಥೋವನನು ಅದಕ್ಕೆ ಸ್ವಂತ ಮಾತನ್ನು ಕೊಟ್ಟು, ಮೂವರ ಸಂವಾದವನ್ನು ನಿಜವಾದ ಸಂವಾದವನ್ನಾಗಿ ಮಾಡಿದನು.

ಆದರೆ ಮೂವತ್ತು ತುಂಬುವ ಮೊದಲೇ ಅವನ ಕಿವಿಗಳು ಮಂದವಾಗತೊಡಗಿದ್ದವು. ಸಂಗೀತಗಾರನಿಗೆ ಇದಕ್ಕಿಂತ ದೊಡ್ಡ ಆಪತ್ತು ಯಾವುದು? ಅವನು ಜನರ ಸಹವಾಸವನ್ನು ತಪ್ಪಿಸಿಕೊಳ್ಳಲು ಹವಣಿಸಿದನು. ‘ಗಟ್ಟಿಯಾಗಿ ಮಾತಾಡಿ, ನಾನು ಕಿವುಡ’ ಎಂದು ಹೇಳಲು ಅವನ ಅಭಿಮಾನ ಒಪ್ಪಲಿಲ್ಲ. 1802ರ ಅಕ್ಟೋಬರಿನಲ್ಲಿ ವಿಯೆನ್ನಾದ ಬಳಿಯ ಹೈಲಿಗೆನ್‌ಸ್ಟಾಟ್ ಎಂಬ ಹಳ್ಳಿಯಲ್ಲಿದ್ದಾಗ ಅವನು ತನ್ನ ತಮ್ಮಂದಿರಿಗೆಂದು ಒಂದು ದೀರ್ಘ ಪತ್ರವನ್ನು ಬರೆದನು. ಪಕ್ಕದಲ್ಲಿದ್ದವರಿಗೆ ದೂರದ ಕೊಳಲು ಕೇಳಿಸಿದಾಗ ತನಗೆ ಏನೂ ಕೇಳಿಸದೆ ಹೋದ ಅವಮಾನವನ್ನು ಅದರಲ್ಲಿ ತೋಡಿಕೊಂಡಿದ್ದಾನೆ. ಬದುಕಿನಲ್ಲೇ ಜಿಗುಪ್ಸೆ ಹುಟ್ಟಿದಾಗ ಕಲೆಯೊಂದೇ ತನ್ನನ್ನು ತಡೆದು ನಿಲ್ಲಿಸಿತೆಂದೂ ಹೇಳಿದ್ದಾನೆ. ಆ ಪತ್ರವನ್ನು ಅವನು ಕಳುಹಿಸಲಿಲ್ಲ. ಅವನು ತೀರಿಕೊಂಡ ಮೇಲೆ ಅದು ಅವನ ಕಾಗದಗಳ ನಡುವೆ ದೊರೆಯಿತು.

ಕಿವಿ ಕ್ಷೀಣಿಸಿದರೂ ಕೃತಿರಚನೆ ನಿಲ್ಲಲಿಲ್ಲ. 1811ರ ಮಾರ್ಚ್ ತಿಂಗಳಲ್ಲಿ ಅವನು ಪಿಟೀಲು, ಚೆಲೊ, ಪಿಯಾನೊಗಳಿಗಾಗಿ ಮತ್ತೊಂದು ಕೃತಿಯನ್ನು ರಚಿಸಿದನು. ಅದನ್ನು ತನ್ನ ಶಿಷ್ಯನೂ ಚಕ್ರವರ್ತಿಯ ತಮ್ಮನೂ ಆದ ಆರ್ಚ್‌ಡ್ಯೂಕ್ ರುಡಾಲ್ಫನಿಗೆ ಅರ್ಪಿಸಿದನು. ಅದರಿಂದಾಗಿ ಆ ಕೃತಿಗೆ ‘ಆರ್ಚ್‌ಡ್ಯೂಕ್’ ಎಂಬ ಹೆಸರೇ ನಿಂತಿದೆ. ಸುಮಾರು ನಲವತ್ತು ನಿಮಿಷಗಳ ಈ ಕೃತಿಯಲ್ಲಿ ನಾಲ್ಕು ಭಾಗಗಳಿವೆ. ಮೊದಲನೆಯದರಲ್ಲಿ ಪಿಯಾನೊ ಒಂದೇ ಮೆಲುದನಿಯಲ್ಲಿ, ವಿಶಾಲವಾದ ಒಂದು ರಾಗಪಂಕ್ತಿಯನ್ನು ಹಾಡತೊಡಗುತ್ತದೆ. ಅನಂತರ ತಂತಿವಾದ್ಯಗಳು ಬಂದು ಸೇರುತ್ತವೆ. ಎರಡನೆಯದನ್ನು ಚೆಲೊ ಒಂದೇ ಲಘುವಾದ ನಡೆಯಲ್ಲಿ ಆರಂಭಿಸುತ್ತದೆ. ಪಿಟೀಲು ಅದಕ್ಕೆ ಉತ್ತರ ಕೊಡುತ್ತದೆ. ಮೂರನೆಯದು ಪ್ರಾರ್ಥನೆಯಂತೆ ಶಾಂತವಾದ ಒಂದು ರಾಗಪಂಕ್ತಿ ಮತ್ತು ಅದರ ಬಗೆಬಗೆಯ ರೂಪಾಂತರಗಳು. ಅದು ಮುಗಿಯುತ್ತಿದ್ದಂತೆ, ನಡುವೆ ಬಿಡುವಿಲ್ಲದೆ, ನಗುನಗುತ್ತ ನಾಲ್ಕನೆಯ ಭಾಗ ಹೊರಹೊಮ್ಮುತ್ತದೆ.

1814ರ ಏಪ್ರಿಲ್ 11ರಂದು ವಿಯೆನ್ನಾದ ಒಂದು ಹೋಟೆಲಿನಲ್ಲಿ ಈ ಕೃತಿಯನ್ನು ಸಾರ್ವಜನಿಕವಾಗಿ ನುಡಿಸಲಾಯಿತು. ಪಿಟೀಲಿಗೆ ಶುಪ್ಪಾನ್‌ಜಿಗ್, ಚೆಲೊಗೆ ಲಿಂಕೆ. ಪಿಯಾನೊದ ಮುಂದೆ ಸ್ವತಃ ಬೀಥೋವನ್. ತಾನೇ ರಚಿಸಿದ ಕೃತಿ. ಒಂದೊಂದು ಸ್ವರವೂ ಮನಸ್ಸಿನಲ್ಲಿ ನೆಲೆಸಿದೆ. ಆದರೆ ಜೊತೆಗಾರರ ದನಿ ಕಿವಿಗೆ ಸರಿಯಾಗಿ ಮುಟ್ಟದು. ಆ ವರ್ಷಗಳಲ್ಲಿ ಅವನ ಮನೆಯಲ್ಲಿ ನಡೆದ ಒಂದು ತ್ರಿವಾದ್ಯದ ಅಭ್ಯಾಸವನ್ನು ಕಂಡ ಪಿಟೀಲುವಾದಕ ಶ್ಪೋರ್ ತನ್ನ ಆತ್ಮಚರಿತ್ರೆಯಲ್ಲಿ ಅದನ್ನು ವರ್ಣಿಸಿದ್ದಾನೆ. ಪಿಯಾನೊದ ಶ್ರುತಿ ಕೆಟ್ಟಿತ್ತು. ನುಡಿಸುವವನಿಗೆ ಅದು ತಿಳಿಯುತ್ತಿರಲಿಲ್ಲ. ಗಟ್ಟಿಯಾಗಿ ನುಡಿಸಬೇಕಾದಲ್ಲಿ ತಂತಿಗಳು ಕರ್ಕಶವಾಗಿ ಕಿರುಚುವಂತೆ ಬಡಿಯುತ್ತಿದ್ದನು. ಮೆಲ್ಲಗೆ ನುಡಿಸಬೇಕಾದಲ್ಲಿ ಬೆರಳು ಎಷ್ಟು ಹಗುರವಾಗಿ ತಾಕುತ್ತಿತ್ತೆಂದರೆ ಅನೇಕ ಸ್ವರಗಳು ಹುಟ್ಟುತ್ತಲೇ ಇರಲಿಲ್ಲ. ಅವು ಬೀಥೋವನನ ಅಂತರಂಗದಲ್ಲಿ ಮಾತ್ರ ನುಡಿಯುತ್ತಿದ್ದವು. ಅದನ್ನು ಕಂಡ ಶ್ಪೋರನ ಮನಸ್ಸು ವ್ಯಥೆಗೊಂಡಿತು.

ಏಪ್ರಿಲ್ 11ರ ಕೇಳುಗರಲ್ಲಿ ಮೋಷೆಲೆಸ್ ಎಂಬ ಹತ್ತೊಂಬತ್ತರ ತರುಣ ಪಿಯಾನೊವಾದಕನಿದ್ದನು. ವಾದನದಲ್ಲಿ ಸ್ಪಷ್ಟತೆ ಸಾಲದೆಂಬುದನ್ನು ಅವನು ಗುರುತಿಸಿದನು. ಆದರೂ ಭವ್ಯವಾದ ವಾದನಶೈಲಿಯ ಹೆಜ್ಜೆಗುರುತುಗಳು ಅದರಲ್ಲಿ ಕಂಡವೆಂದನು. ಕೆಲವು ವಾರಗಳ ಅನಂತರ ಬೀಥೋವನನು ಅದೇ ಕೃತಿಯನ್ನು ಮತ್ತೊಮ್ಮೆ ನುಡಿಸಿದನು. ಆಮೇಲೆ ಸಾರ್ವಜನಿಕವಾಗಿ ಇಂಥ ಗೋಷ್ಠಿಯಲ್ಲಿ ಅವನು ಪಿಯಾನೊ ನುಡಿಸಲಿಲ್ಲ. ಯಾರನ್ನೂ ದೂರದೆ ಆ ಪೀಠವನ್ನು ಬೇರೆಯವರಿಗೆ ಬಿಟ್ಟುಕೊಟ್ಟನೆಂದು ಹೇಳುವುದು ಸುಲಭ. ಆದರೆ ಅವನು ಮುಂಗೋಪಿ, ಹಟಮಾರಿ. ತಾನು ನುಡಿಸಿದ್ದು ತನ್ನ ಮನಸ್ಸಿನಲ್ಲಿದ್ದಂತಿಲ್ಲ ಎಂಬುದನ್ನು ಒಪ್ಪಿಕೊಳ್ಳುವುದು ಅಂಥವನಿಗೆ ಎಷ್ಟು ಕಠಿನವಾಗಿದ್ದೀತೆಂಬುದನ್ನು ನಾವು ಊಹಿಸಬಹುದು.

ಕಥೆ ಇಲ್ಲಿಗೆ ಮುಗಿದಿದ್ದರೆ ಅದು ದುಃಖದ ಕಥೆಯಾಗುತ್ತಿತ್ತು. ಮುಂದೆ 1818ರ ಹೊತ್ತಿಗೆ ಬಂದವರು ತಮ್ಮ ಮಾತನ್ನು ಪುಸ್ತಕದಲ್ಲಿ ಬರೆದು ತೋರಿಸಬೇಕಾಗುವಷ್ಟು ಅವನ ಕಿವುಡು ಹೆಚ್ಚಿತು. ಆ ಮೌನದ ನಡುವೆಯೇ ಅವನ ಅತ್ಯಂತ ಆಳವಾದ ಕೃತಿಗಳು ಹುಟ್ಟಿದವು. 1825ರಲ್ಲಿ ಎರಡು ಪಿಟೀಲು, ಒಂದು ವಿಯೋಲ ಮತ್ತು ಒಂದು ಚೆಲೊಗಳಿಗಾಗಿ ರಚಿಸಿದ ಅವನ ಹೊಸ ಕೃತಿ ಮೊದಲ ಪ್ರದರ್ಶನದಲ್ಲಿ ಯಶಸ್ಸು ಗಳಿಸಲಿಲ್ಲ. ಆಗ ಬೋಮ್ ಎಂಬ ಪಿಟೀಲುವಾದಕನು ತನ್ನ ಸಂಗಡಿಗರೊಡನೆ ಅದನ್ನು ಅಭ್ಯಾಸ ಮಾಡತೊಡಗಿದನು. ಬೀಥೋವನನು ಪಕ್ಕದಲ್ಲಿ ಕುಳಿತು ಅವರ ಕಮಾನುಗಳ ಚಲನೆಯನ್ನೇ ದಿಟ್ಟಿಸುತ್ತಿದ್ದನು. ಲಯವು ಒಂದಿಷ್ಟು ಅತ್ತಿತ್ತಲಾದರೂ ಕಣ್ಣಿನಿಂದಲೇ ತಿಳಿದು ತಿದ್ದುತ್ತಿದ್ದನು.

ಆ ಕೃತಿಯ ಕೊನೆಯಲ್ಲಿ ಒಂದೆಡೆ ವೇಗವನ್ನು ತಗ್ಗಿಸಬೇಕೆಂದು ಬೀಥೋವನನು ಬರೆದಿದ್ದನು. ಹಾಗೆ ಮಾಡಿದರೆ ಒಟ್ಟು ಪರಿಣಾಮ ಕುಗ್ಗುವುದೆಂದು ಬೋಮನಿಗೆ ತೋರಿತು. ಒಂದು ದಿನ ಅವನು ವೇಗವನ್ನು ತಗ್ಗಿಸದೆಯೇ ನುಡಿಸುವಂತೆ ಸಂಗಡಿಗರಿಗೆ ಹೇಳಿದನು. ಬೀಥೋವನ್ ಮೂಲೆಯಲ್ಲಿ ಮುದುಡಿ ಕುಳಿತಿದ್ದನು. ಒಂದು ಸ್ವರವೂ ಅವನಿಗೆ ಕೇಳಿಸುತ್ತಿರಲಿಲ್ಲ. ಕಣ್ಣು ಮಾತ್ರ ಕಮಾನುಗಳ ಮೇಲಿತ್ತು. ಕೊನೆಯ ಸ್ವರ ಮುಗಿಯಿತು. ಮುಂಗೋಪಿಯೆಂದು ಹೆಸರಾದವನು ಸಿಡಿಯಲಿಲ್ಲ. ಹಾಗೆಯೇ ಇರಲಿ ಎಂದು ಚುಟುಕಾಗಿ ಹೇಳಿ, ಎದ್ದು ಹೋಗಿ, ನಾಲ್ವರ ಮುಂದಿದ್ದ ಹಾಳೆಗಳಲ್ಲಿಯೂ ತಾನು ಬರೆದಿದ್ದ ಆ ಸೂಚನೆಯನ್ನು ಹೊಡೆದುಹಾಕಿದನು.

ಹನ್ನೊಂದು ವರ್ಷಗಳ ಹಿಂದೆ ಅವನು ಪಿಯಾನೊದ ಮುಂದೆ ಕುಳಿತಿದ್ದಾಗ ಜೊತೆಗಾರರು ಅವನಿಗೆ ದೂರವಾಗಿದ್ದರು. ಈಗ ಮೂಲೆಯಲ್ಲಿ ಕುಳಿತವನು ಅವರೊಡನೆ ಒಂದಾಗಿದ್ದನು. ತನ್ನದೇ ಸರಿಯೆಂದು ಹಟ ಹಿಡಿಯದೆ, ತನ್ನ ಕೃತಿಯಲ್ಲಿಯೇ ಮತ್ತೊಬ್ಬನ ಅರಿವಿಗೆ ಎಡೆ ಮಾಡಿಕೊಟ್ಟನು. ಚೇಂಬರ್ ಸಂಗೀತದ ತಿರುಳು ಇದೇ ಅಲ್ಲವೆ?

1827ರ ಮಾರ್ಚ್ 26ರಂದು ಬೀಥೋವನ್ ನಿಧನನಾದನು. ‘ಆರ್ಚ್‌ಡ್ಯೂಕ್’ ಕೃತಿಯನ್ನು ಇಂದಿಗೂ ಲೋಕದ ಅನೇಕ ನಗರಗಳಲ್ಲಿ ಮೂವರು ಕೂಡಿ ಕುಳಿತು ನುಡಿಸುತ್ತಾರೆ. ಅಂದು ಅವನ ಬೆರಳುಗಳಿಂದ ಹುಟ್ಟದೆ ಹೋದ ಆ ಮೆಲುಸ್ವರಗಳು ಇಂದು ಬೇರೆಯವರ ಬೆರಳುಗಳಿಂದ ಹುಟ್ಟುತ್ತವೆ. ಅವಕಾಶ ದೊರೆತಾಗ ನೀವೂ ಆ ಕೃತಿಯನ್ನು ಕೇಳಿರಿ. ಯಾವ ವಾದ್ಯ ಯಾವಾಗ ಮುಂದೆ ಬರುತ್ತದೆ, ಯಾವುದು ಯಾವಾಗ ಹಿಂದೆ ಸರಿದು ದಾರಿ ಬಿಡುತ್ತದೆ ಎಂಬುದನ್ನು ಗಮನಿಸಿರಿ. ನುಡಿಯುವುದರಲ್ಲಿ ಎಷ್ಟು ಸೊಗಸಿದೆಯೋ, ಇನ್ನೊಬ್ಬರು ನುಡಿಯುವಾಗ ಕಿವಿಗೊಡುವುದರಲ್ಲಿಯೂ ಅಷ್ಟೇ ಸೊಗಸಿದೆಯೆಂಬುದು ಆಗ ಮನದಟ್ಟಾಗುತ್ತದೆ.