ಪುಟ್ಟ ಓಟದ ಕಾರು: ಮೊದಲ ಜೋಡಣೆಯ ಪಾಠ

ಪುಣೆ ನಗರದ ದಕ್ಷಿಣ ಭಾಗದಲ್ಲಿ, ಸಾತಾರಾ ರಸ್ತೆಯ ಮಗ್ಗುಲಲ್ಲಿರುವ ಧನಕವಡಿಯು ಭಾರತಿ ವಿದ್ಯಾಪೀಠದ ಆವರಣದಿಂದಾಗಿ ವಿದ್ಯಾರ್ಥಿಗಳಿಗೆ ಪರಿಚಿತವಾದ ಬಡಾವಣೆ. ಇದೇ ನಗರದ ವೇತಾಳ ಗುಡ್ಡದ ಮೇಲೆ, 1966ರಲ್ಲಿ ಸ್ಥಾಪಿತವಾದ ಭಾರತೀಯ ಆಟೋಮೋಟಿವ್ ಸಂಶೋಧನಾ ಸಂಘವು ವಾಹನಗಳನ್ನು ಪರೀಕ್ಷಿಸುತ್ತದೆ. ಅಲ್ಲಿನ ದೊಡ್ಡ ವಾಹನಕ್ಕೆ ಅನ್ವಯಿಸುವ ಯಂತ್ರವಿಜ್ಞಾನದ ನಿಯಮಗಳೇ ಅಂಗೈಯಲ್ಲಿ ಹಿಡಿಯಬಹುದಾದ ಮೋಟಾರು ಕಾರಿಗೂ ಅನ್ವಯಿಸುತ್ತವೆ. ಧನಕವಡಿಯ ಶಾಲಾ ಬಾಲಕ ಬಾಲಕಿಯರು ಅವುಗಳನ್ನು ಮನೆಯ ಮೇಜಿನ ಮೇಲೆಯೇ ಕಲಿಯಬಹುದು.

ಜಪಾನಿನ ತಮಿಯಾ ಸಂಸ್ಥೆಯು 1982ರಲ್ಲಿ ಮಿನಿ ಫೋರ್ ವೀಲ್ ಡ್ರೈವ್ ಎಂಬ ಕಾರುಗಳನ್ನು ಹೊರತಂದಿತು. ನಿಜವಾದ ಕಾರಿನ 1/32ರಷ್ಟು ಅಳತೆಯ ಇವುಗಳನ್ನು ಅಂಟು ಬಳಸದೆ ಬಿಡಿಭಾಗಗಳಿಂದ ಜೋಡಿಸಬಹುದು. ಒಂದೇ ಮೋಟಾರು ನಾಲ್ಕೂ ಚಕ್ರಗಳನ್ನು ತಿರುಗಿಸುತ್ತದೆ. ಸ್ಟಿಯರಿಂಗ್ ಇರುವುದಿಲ್ಲ, ಬದಿಯ ಸಣ್ಣ ಉರುಳೆಗಳು ಹಾದಿಯ ಗೋಡೆಗೆ ತಾಗಿ ಕಾರನ್ನು ತಿರುವಿನಲ್ಲಿ ನಡೆಸುತ್ತವೆ.

ಜೋಡಣೆಗೆ ಮುನ್ನ ಸೂಚನಾ ಪತ್ರವನ್ನು ಪೂರ್ಣವಾಗಿ ಓದತಕ್ಕದ್ದು. ಪ್ಲಾಸ್ಟಿಕ್ ಚೌಕಟ್ಟಿನಿಂದ ಬಿಡಿಭಾಗಗಳನ್ನು ಮುರಿಯದೆ ಕತ್ತರಿಸಿ ತೆಗೆದು, ಉಳಿದ ಮೊನೆಗಳನ್ನು ನಯಗೊಳಿಸಬೇಕು. ಮೊದಲು ಆಕ್ಸಲ್ ಮತ್ತು ಚಕ್ರಗಳು, ಅನಂತರ ಗೇರುಗಳು, ಆಮೇಲೆ ಮೋಟಾರು, ಕೊನೆಯಲ್ಲಿ ಬ್ಯಾಟರಿ ಎಂಬುದು ಹೊಸಬರಿಗೆ ಅನುಕೂಲವಾದ ಕ್ರಮ. ಪ್ರತಿ ಹಂತದಲ್ಲಿಯೂ ಚಕ್ರವನ್ನು ಬೆರಳಿನಿಂದ ತಿರುಗಿಸಿ ನೋಡಬೇಕು. ಅದು ಹಗುರವಾಗಿ ತಿರುಗದೆ ನಿಂತರೆ ದೋಷವು ಆಗ ತಾನೇ ಜೋಡಿಸಿದ ಭಾಗದಲ್ಲಿದೆ ಎಂದು ತಿಳಿಯಬಹುದು. ಎಲ್ಲವನ್ನೂ ಜೋಡಿಸಿದ ಮೇಲೆ ದೋಷ ಹುಡುಕುವುದು ಕಷ್ಟ.

ಗೇರಿನ ಲೆಕ್ಕವು ಸರಳವಾದುದು. ಮೋಟಾರು ನಾಲ್ಕು ಸುತ್ತು ತಿರುಗಿದಾಗ ಚಕ್ರವು ಒಂದು ಸುತ್ತು ತಿರುಗಿದರೆ ಗೇರಿನ ಅನುಪಾತ 4:1. ಮೋಟಾರು ನಿಮಿಷಕ್ಕೆ 12,000 ಸುತ್ತು ತಿರುಗುತ್ತದೆಂದು ಭಾವಿಸೋಣ. ಆಗ ಚಕ್ರವು 3,000 ಸುತ್ತು, ಅಂದರೆ ಸೆಕೆಂಡಿಗೆ 50 ಸುತ್ತು ತಿರುಗುತ್ತದೆ. ಚಕ್ರದ ವ್ಯಾಸ 30 ಮಿಲಿಮೀಟರ್ ಆದರೆ ಕಾರಿನ ವೇಗ ಸೆಕೆಂಡಿಗೆ ಸುಮಾರು 4.7 ಮೀಟರ್ ಆಗಬೇಕು. ಅನುಪಾತವನ್ನು 5:1 ಮಾಡಿದರೆ ಅದೇ ಸುತ್ತಿಗೆ ವೇಗ ಕಡಿಮೆಯಾಗಿ, ಚಕ್ರವನ್ನು ತಿರುಗಿಸುವ ಬಲ ಹೆಚ್ಚುತ್ತದೆ.

ಹಾದಿಯಲ್ಲಿ ಅಳೆದ ವೇಗವು ಈ ಲೆಕ್ಕಕ್ಕಿಂತ ಕಡಿಮೆ ಬಂದರೆ, ಹೆಚ್ಚು ಬಲದ ಮೋಟಾರನ್ನು ಕೊಳ್ಳಬೇಕೆಂಬ ಆಸೆ ಹುಟ್ಟುವುದು ಸಹಜ. ಆದರೆ ಬಾಗಿದ ಆಕ್ಸಲ್, ಬಿಗಿಯಾಗಿ ಕೂತ ಗೇರು, ಅತಿಯಾಗಿ ಹಚ್ಚಿದ ಗ್ರೀಸು, ಧೂಳು ಮೊದಲಾದವು ಹೊಸ ಮೋಟಾರಿನ ಶಕ್ತಿಯನ್ನೂ ಹಾಗೆಯೇ ನುಂಗುತ್ತವೆ. ಬಲವಾದ ಮೋಟಾರು ಹೆಚ್ಚು ವಿದ್ಯುತ್ತನ್ನು ಸೆಳೆದು ಬ್ಯಾಟರಿಯನ್ನು ಬೇಗ ಬರಿದುಮಾಡುತ್ತದೆ. ತಿರುವಿನಲ್ಲಿ ಕಾರು ಹಾದಿಯಿಂದ ಹೊರಗೆ ಹಾರುವ ಸಂಭವವೂ ಹೆಚ್ಚು. ಹಣ ಖರ್ಚು ಮಾಡುವ ಮೊದಲು ಘರ್ಷಣೆಯನ್ನು ಕಡಿಮೆ ಮಾಡುವುದೇ ಸರಿಯಾದ ಮಾರ್ಗ. ಒಮ್ಮೆಗೆ ಒಂದೇ ಬದಲಾವಣೆ ಮಾಡಿ, 10 ಮೀಟರ್ ದೂರವನ್ನು ಮೂರು ಬಾರಿ ಓಡಿಸಿ, ಸರಾಸರಿ ಕಾಲವನ್ನು ಪುಸ್ತಕದಲ್ಲಿ ಬರೆದಿಡಬೇಕು.

ಕೆಲವು ಎಚ್ಚರಿಕೆಗಳು ಅಗತ್ಯ. ಬ್ಯಾಟರಿಯ ಧನ, ಋಣ ತುದಿಗಳನ್ನು ತಂತಿಯಿಂದ ನೇರವಾಗಿ ಸೇರಿಸಬಾರದು. ಹಳೆಯ ಮತ್ತು ಹೊಸ ಸೆಲ್ಲುಗಳನ್ನು ಒಟ್ಟಿಗೆ ಬಳಸಬಾರದು. ಚಕ್ರ ಸಿಕ್ಕಿಕೊಂಡಾಗ ಸ್ವಿಚ್ಚನ್ನು ಕೂಡಲೇ ಆರಿಸಬೇಕು. ಇಲ್ಲವಾದರೆ ಮೋಟಾರು ಬಿಸಿಯಾಗಿ ಕೆಡುತ್ತದೆ. ಚೂಪಾದ ಉಪಕರಣಗಳನ್ನು ಮಕ್ಕಳು ಹಿರಿಯರ ಸಮಕ್ಷಮದಲ್ಲಿ ಬಳಸತಕ್ಕದ್ದು.

ಪೆಟ್ಟಿಗೆಯಲ್ಲಿ ಬರುವ ಭಾಗಗಳು ಎಲ್ಲರಿಗೂ ಒಂದೇ. ಅವುಗಳಿಂದ ಒಂದು ಕಾರು ಮುಂದೆ ಓಡಿ, ಇನ್ನೊಂದು ಹಿಂದೆ ಉಳಿಯುವುದಕ್ಕೆ ಬಹುಮಟ್ಟಿಗೆ ಜೋಡಿಸಿದವರ ತಾಳ್ಮೆಯೇ ಕಾರಣ.