ಮುಂಗಡ ಕೊಡುವ ಮುನ್ನ

ತಮ್ಮಾ, ಮಕ್ಕಳ ಸಾಲಿ ಸಲುವಾಗಿ ಜತ್ತ ಪ್ಯಾಟಿ ನಡುವೆ ಮೂರನೇ ಅಂತಸ್ತಿನಲ್ಲಿ ಒಂದು ಫ್ಲ್ಯಾಟ್ ನೋಡಿ ಬಂದೆ ಎಂದೆಯಲ್ಲ, ನಾನು ಬೇಡ ಅನ್ನುವುದಿಲ್ಲ. ಉಮದಿ, ಸಂಖ, ಮಾಡಗ್ಯಾಳದ ಕಡೆಯವರಿಗೆ ಆಸ್ಪತ್ರೆ, ಕಚೇರಿ, ಕಾಲೇಜು ಎಲ್ಲಕ್ಕೂ ಜತ್ತಕ್ಕೇ ಬರಬೇಕು. ವಿಜಯಪುರದಿಂದ ಗುಹಾಗರಕ್ಕೆ ಹೋಗುವ ಹೆದ್ದಾರಿ ಊರ ಮೇಲೇ ಹಾಯುತ್ತದೆ. 2012ರಲ್ಲಿ ನಗರ ಪರಿಷತ್ತೂ ಆಯಿತು. ಜಾಗ ಇದ್ದಷ್ಟೇ ಇದೆ, ಬರುವವರು ಹೆಚ್ಚಾದರು. ಹಾಗಾದಾಗ ಊರು ಮೇಲಕ್ಕೆ ಬೆಳೆಯುತ್ತದೆ. ಅದು ತಪ್ಪಲ್ಲ. ಆದರೆ ಮುಂಗಡದ ಚೆಕ್ಕು ಬರೆಯುವ ಮೊದಲು ನನ್ನ ನಾಲ್ಕು ಮಾತು ಕೇಳಿ ಹೋಗು.

ಮೊದಲು ಜಾಗದ ಅಳತೆ ಕೇಳು. ಹಳೇ ಪೇಟೆಯ ಜಾಗಗಳು ದೊಡ್ಡವಲ್ಲ. ಅಣ್ಣತಮ್ಮಂದಿರು ಪಾಲಾಗಿ ಉಳಿದದ್ದು ಎರಡು ಗುಂಟೆ, ಮೂರು ಗುಂಟೆ. ಮನೆ ಕೊಳ್ಳುವವರ ರಕ್ಷಣೆಗೆಂದು 2016ರಲ್ಲಿ ರೇರಾ ಕಾಯ್ದೆ ಬಂತು, 2017ರಿಂದ ನಮ್ಮ ಮಹಾರಾಷ್ಟ್ರದಲ್ಲಿ ಅದರ ಪ್ರಾಧಿಕಾರ ಮಹಾರೇರಾ ಕೆಲಸ ಮಾಡುತ್ತಿದೆ. ಅಲ್ಲಿ ನೋಂದಾಯಿಸಿದ ಬಿಲ್ಡರ್ ಗಿರಾಕಿಗಳಿಂದ ಪಡೆದ ಹಣದಲ್ಲಿ ನೂರಕ್ಕೆ 70ರಷ್ಟನ್ನು ಆ ಕಟ್ಟಡಕ್ಕೆಂದೇ ಬೇರೆ ಖಾತೆಯಲ್ಲಿ ಇಡಬೇಕು. ಕರಾರು ನೋಂದಣಿಗೆ ಮೊದಲು ಬೆಲೆಯ ಹತ್ತರಲ್ಲಿ ಒಂದು ಪಾಲಿಗಿಂತ ಹೆಚ್ಚು ಕೇಳುವಂತಿಲ್ಲ. ಕೈಗಿತ್ತ ಮೇಲೆ ಐದು ವರ್ಷದೊಳಗೆ ಕಟ್ಟಡದಲ್ಲಿ ದೋಷ ಕಂಡರೆ ಅವನೇ ಸರಿಪಡಿಸಬೇಕು. ಇವೆಲ್ಲ ಒಳ್ಳೆಯ ಮಾತುಗಳೇ. ಆದರೆ ಜಾಗ 500 ಚದರ ಮೀಟರ್ ಮೀರದಿದ್ದರೆ, ಇಲ್ಲವೆ ಮನೆಗಳು ಎಂಟಕ್ಕಿಂತ ಹೆಚ್ಚಿರದಿದ್ದರೆ ಆ ನೋಂದಣಿ ಕಡ್ಡಾಯವಲ್ಲ. 500 ಚದರ ಮೀಟರ್ ಅಂದರೆ ಹೆಚ್ಚುಕಡಿಮೆ ಐದು ಗುಂಟೆ. ಪೇಟೆ ನಡುವಿನ ಎಷ್ಟು ಜಾಗಗಳು ಐದು ಗುಂಟೆ ದಾಟುತ್ತವೆ, ನೀನೇ ಲೆಕ್ಕ ಹಾಕು.

ಎತ್ತರದ್ದೂ ಹಾಗೆಯೇ. 15 ಮೀಟರ್ ಮುಟ್ಟಿದ ಕಟ್ಟಡವನ್ನು ರಾಷ್ಟ್ರೀಯ ಕಟ್ಟಡ ಸಂಹಿತೆ ಎತ್ತರದ ಕಟ್ಟಡವೆಂದು ಎಣಿಸಿ ಬೆಂಕಿ, ಮೆಟ್ಟಿಲು, ಹೊರದಾರಿಗಳ ಬಗ್ಗೆ ಬಿಗಿಯಾದ ನಿಯಮ ಹೇಳುತ್ತದೆ. ಕೆಳಗೆ ಅಂಗಡಿ, ಮೇಲೆ ಮೂರು ಅಂತಸ್ತು ಮನೆ ಎಂಬ ಕಟ್ಟಡ ಸಾಮಾನ್ಯವಾಗಿ ಆ ಗೆರೆಯ ಕೆಳಗೇ ನಿಲ್ಲುತ್ತದೆ. ಪುಣೆಯ ಗಗನಚುಂಬಿಗೆ ಹತ್ತು ಕಣ್ಣು ಕಾವಲಿರುತ್ತವೆ. ಇತ್ತ ಊರಹೊರಗಿನ ಒಂಟಿ ಮನೆಗೆ ಯಜಮಾನನೇ ನಿಂತು ಇಟ್ಟಿಗೆ ಎಣಿಸುತ್ತಾನೆ. ನಡುವಿನ ಈ ನಾಲ್ಕಂತಸ್ತಿಗೆ ಯಾರ ಕಣ್ಣೂ ಪೂರ್ತಿ ಬೀಳುವುದಿಲ್ಲ. ಆದ್ದರಿಂದ ನೋಡುವ ಕೆಲಸ ನಿನ್ನದು.

ಕಾಗದದಿಂದ ಶುರು ಮಾಡು. ಪ್ರಾಪರ್ಟಿ ಕಾರ್ಡ್ ಅಥವಾ ಸಾತಬಾರಾ ಉತಾರದಲ್ಲಿ ಹೆಸರು ಯಾರದು? ಹಳೇ ಮನೆ ಕೆಡವಿ ಬಿಲ್ಡರನಿಗೆ ಕೊಟ್ಟವರು ಅಣ್ಣತಮ್ಮಂದಿರು ಮಾತ್ರವೇ, ಅಕ್ಕತಂಗಿಯರ ಸಹಿಯೂ ಇದೆಯೇ? ಉತ್ತರಾಧಿಕಾರ ಕಾಯ್ದೆಯ 2005ರ ತಿದ್ದುಪಡಿಯಿಂದ ಹಿಂದೂ ಅವಿಭಕ್ತ ಕುಟುಂಬದ ಪಿತ್ರಾರ್ಜಿತದಲ್ಲಿ ಹೆಣ್ಣುಮಕ್ಕಳಿಗೂ ಗಂಡುಮಕ್ಕಳಷ್ಟೇ ಹಕ್ಕು. 2020ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಇನ್ನಷ್ಟು ಗಟ್ಟಿ ಮಾಡಿತು. ನಮ್ಮ ಕಡೆ ಹೆಣ್ಣು ಕೊಟ್ಟಿರುವುದು ಇಂಡಿಗೆ, ಅಥಣಿಗೆ, ವಿಜಯಪುರಕ್ಕೆ. ರಾಜ್ಯದ ಗಡಿ ದಾಟಿದರೂ ಅವರ ಪಾಲು ದಾಟಿ ಹೋಗುವುದಿಲ್ಲ. ಇವತ್ತು ಯಾರೂ ಮಾತಾಡದಿದ್ದರೂ ನಾಳೆ ತಕರಾರು ಎದ್ದರೆ ಕೋರ್ಟಿಗೆ ಅಲೆಯುವವನು ನೀನು. ವಕೀಲರಿಗೆ ಫೀ ಕೊಟ್ಟು ಹಿಂದಿನ ಮೂವತ್ತು ವರ್ಷದ ಸರ್ಚ್ ರಿಪೋರ್ಟ್ ತೆಗೆಸು. ಆ ಖರ್ಚಿನಲ್ಲಿ ಜಿಪುಣತನ ಬೇಡ.

ಪರವಾನಗಿ ಎಷ್ಟು ಅಂತಸ್ತಿಗೆ ಸಿಕ್ಕಿದೆ, ಕಟ್ಟಿರುವುದು ಎಷ್ಟು ಎಂಬುದನ್ನು ನಗರ ಪರಿಷತ್ತಿನ ಮಂಜೂರಿ ನಕ್ಷೆ ಹಿಡಿದು ಮೆಟ್ಟಿಲು ಹತ್ತಿ ಎಣಿಸು. ಮೂರಕ್ಕೆ ಮಂಜೂರಿ ಪಡೆದು ನಾಲ್ಕು ಏರಿಸಿದ್ದರೆ ಆ ನಾಲ್ಕನೆಯದರ ಭಾರ ಕೆಳಗಿನ ಕಂಬಗಳಿಗೆ, ಅದರ ದಂಡ ಎಲ್ಲರಿಗೆ. ಭೋಗವಟಾ ಪ್ರಮಾಣಪತ್ರ, ಅಂದರೆ ವಾಸಕ್ಕೆ ಅನುಮತಿಯ ಪತ್ರ, ಇಲ್ಲದೆ ಗೃಹಪ್ರವೇಶದ ಮುಹೂರ್ತ ಇಡಬೇಡ. ಕರಾರುಪತ್ರ ಮರಾಠಿಯಲ್ಲೋ ಇಂಗ್ಲಿಷಿನಲ್ಲೋ ಇರುತ್ತದೆ. ನೀನು ಕನ್ನಡ ಸಾಲಿಯಲ್ಲಿ ಕಲಿತವನು. ಸಂತೆಯ ಮರಾಠಿ ಚೆನ್ನಾಗಿ ಬರುತ್ತದೆ, ಆದರೆ ಕಾಗದದ ಮರಾಠಿ ಬೇರೆ. ಪ್ರತಿಯೊಂದು ಕಲಮು ಬಲ್ಲವರಿಂದ ಓದಿಸಿ, ಕನ್ನಡದಲ್ಲಿ ಹೇಳಿಸಿಕೊಂಡು, ಆಮೇಲೆ ಸಹಿ ಹಾಕು. ಎದುರಿಗೆ ಕೂತವರು ಗಡಿಬಿಡಿ ಮಾಡಿದರೆ ಎದ್ದು ಚಹಾ ಕುಡಿದು ಬಾ. ನಾಚಿಕೆ ಪಡಬೇಡ.

ರೇರಾ ಲಾಗೂ ಆಗದಿದ್ದರೂ ಬಯಲಲ್ಲಿ ನಿಂತೆ ಎಂದು ತಿಳಿಯಬೇಡ. 1963ರ ಮಹಾರಾಷ್ಟ್ರ ಫ್ಲ್ಯಾಟ್ ಕಾಯ್ದೆ ಇನ್ನೂ ಜೀವಂತವಿದೆ. ನೋಂದಾಯಿತ ಕರಾರು ಇಲ್ಲದೆ ಬೆಲೆಯ ನೂರಕ್ಕೆ 20ಕ್ಕಿಂತ ಹೆಚ್ಚು ಮುಂಗಡ ಪಡೆಯಬಾರದು ಎಂದು ಅದು ಹೇಳುತ್ತದೆ. ಕಟ್ಟಡ ನಿಂತಿರುವ ನೆಲವನ್ನು ಕೊನೆಗೆ ಸೊಸೈಟಿಯ ಹೆಸರಿಗೆ ಮಾಡಿಕೊಡಬೇಕೆಂದೂ ಹೇಳುತ್ತದೆ. ಇದನ್ನು ಬಹಳ ಮಂದಿ ಮರೆಯುತ್ತಾರೆ. ಮನೆ ನಮ್ಮದು, ನೆಲ ಇನ್ನೂ ಹಳೇ ಮಾಲಕನ ಹೆಸರಲ್ಲೇ ಎಂದರೆ ನಲವತ್ತು ವರ್ಷದ ಮೇಲೆ ಕಟ್ಟಡ ಹಳತಾದಾಗ ಮಕ್ಕಳ ಕೈಯಲ್ಲಿ ಏನೂ ಉಳಿಯುವುದಿಲ್ಲ. ಚೌಕಾಸಿ ಮಾಡುವಾಗ ಬೆಲೆಯನ್ನು ಕಾರ್ಪೆಟ್ ಅಳತೆಯಲ್ಲೇ ಕೇಳು, ಅಂದರೆ ಒಳಗೆ ನೀನು ಕಾಲಿಟ್ಟು ಬಳಸುವಷ್ಟು ಜಾಗ. ಮೆಟ್ಟಿಲು, ಹೊರಗೋಡೆ ಸೇರಿಸಿ ಉಬ್ಬಿಸಿದ ಅಂಕಿಗೆ ಮರುಳಾಗಬೇಡ. ಕೆಳಗಿನ ಪಾರ್ಕಿಂಗ್ ಬೇರೆ ಮಾರುತ್ತೇನೆ ಎಂದರೆ, ಅದನ್ನು ಬಿಡಿಯಾಗಿ ಮಾರುವಂತಿಲ್ಲ ಎಂದು ಮುಂಬಯಿಯ ಸೊಸೈಟಿಯೊಂದರ ಪ್ರಕರಣದಲ್ಲಿ 2010ರಲ್ಲೇ ಸುಪ್ರೀಂ ಕೋರ್ಟ್ ಹೇಳಿದ್ದು ನೆನಪಿಡು. ಖರೀದಿ ಮನೆಯಾಕೆಯ ಹೆಸರಲ್ಲಿ ಮಾಡಿಸು. ಹೆಂಗಸರ ಹೆಸರಿಗೆ ಮನೆ ಕೊಂಡರೆ ಮುದ್ರಾಂಕ ಶುಲ್ಕದಲ್ಲಿ ನೂರಕ್ಕೆ ಒಂದರಷ್ಟು ರಿಯಾಯಿತಿಯನ್ನು 2021ರಲ್ಲೇ ಸರಕಾರ ಕೊಟ್ಟಿದೆ. ಅದಕ್ಕಿಂತ ದೊಡ್ಡ ಲಾಭವೆಂದರೆ ಅವಳ ಹೆಸರಲ್ಲಿರುವ ಮನೆಯ ಮೇಲೆ ನೀನು ಸುಮ್ಮನೆ ಸಾಲ ಎತ್ತುವುದಿಲ್ಲ.

ಇನ್ನು ನೀರು. ಬೇರೆ ಊರಿನವರಿಗೆ ಇದು ಹತ್ತರಲ್ಲಿ ಒಂದು ಪ್ರಶ್ನೆ, ಜತ್ತದವರಿಗೆ ಇದೇ ಮೊದಲ ಪ್ರಶ್ನೆ. 2016ರ ಬೇಸಗೆಯಲ್ಲಿ ಮಿರಜದಿಂದ ಲಾತೂರಿಗೆ ರೈಲಿನಲ್ಲಿ ಕೃಷ್ಣೆಯ ನೀರು ಹೋಯಿತು. ಆ ಕೃಷ್ಣೆ ಹರಿಯುವ ಸಾಂಗಲಿ ಜಿಲ್ಲೆಯಲ್ಲೇ ಇದ್ದೂ ನಾವು ಟ್ಯಾಂಕರಿನ ದಾರಿ ಕಾದೆವು. ಮ್ಹೈಸಾಳ ಏತ ನೀರಾವರಿಯ ನೀರಿಗಾಗಿ ಎಷ್ಟು ವರ್ಷ ಕೂಗಿದೆವು! 2022ರಲ್ಲಿ ಕರ್ನಾಟಕದ ತುಬಚಿ-ಬಬಲೇಶ್ವರ ಯೋಜನೆಯ ನೀರು ತಿಕೋಂಡಿ ಕಡೆ ಹರಿದು ಬಂದಾಗ ಜನ ಕುಣಿದಾಡಿದರು. ಅದೇ ವರ್ಷದ ಕೊನೆಗೆ ನೀರಿನ ಮಾತೇ ಗಡಿಯ ಮಾತಾಗಿ ಎರಡೂ ರಾಜ್ಯದ ರಾಜಕಾರಣ ಬಿಸಿಯಾಯಿತು. ಇಂಥ ನೆಲದಲ್ಲಿ ಹದಿನಾರು ಮನೆಯ ಕಟ್ಟಡ ಎದ್ದಿತು ಅನ್ನು. ಪಟ್ಟಣದಲ್ಲಿ ತಲೆಗೆ ದಿನಕ್ಕೆ 135 ಲೀಟರ್ ಬೇಕೆಂಬ ಲೆಕ್ಕವಿದೆ. ಮನೆಗೆ ಐವರಾದರೆ ಹದಿನಾರು ಮನೆಗೆ 10,800 ಲೀಟರ್, ಅಂದರೆ ದಿನಾ ಒಂದು ದೊಡ್ಡ ಟ್ಯಾಂಕರ್. ಚೈತ್ರ, ವೈಶಾಖದಲ್ಲಿ ಅದರ ಬಿಲ್ಲು ಯಾರು ಕಟ್ಟುತ್ತಾರೆ? ಬೋರ್ ಇದೆ ಎಂದು ಬಿಲ್ಡರ್ ಹೇಳುತ್ತಾನೆ. ನಮ್ಮ ಕೆಳಗಿರುವುದು ಕರಿಕಲ್ಲು. ಬಿರುಕಿದ್ದಲ್ಲಿ ನೀರು, ಇಲ್ಲದಲ್ಲಿ ಬರೀ ದೂಳು. ಪೇಟೆ ನಡುವೆ ಹತ್ತು ಮಾರಿಗೊಂದು ಬೋರ್ ಕೊರೆದರೆ ಎಲ್ಲರೂ ಒಂದೇ ಬಿರುಕನ್ನು ಹೀರುತ್ತಿರುತ್ತಾರೆ. ಆದ್ದರಿಂದ ಮನೆ ನೋಡಲು ಶ್ರಾವಣದಲ್ಲಿ ಹೋಗಬೇಡ, ಏಪ್ರಿಲ್‌ನಲ್ಲಿ ಹೋಗು. ನೆರೆಯ ಕಟ್ಟಡದ ಹೆಣ್ಣುಮಕ್ಕಳನ್ನು ಕೇಳು, ಬಿಲ್ಡರನನ್ನಲ್ಲ.

ಮಳೆ ಕಡಿಮೆ ಎಂದು ಮಾಳಿಗೆಯ ನೀರನ್ನು ಹಗುರವಾಗಿ ಕಾಣಬೇಡ. ವರ್ಷಕ್ಕೆ 500 ಮಿಲಿಮೀಟರ್ ಬಿದ್ದರೂ 300 ಚದರ ಮೀಟರಿನ ಮಾಳಿಗೆಯ ಮೇಲೆ ಒಂದೂವರೆ ಲಕ್ಷ ಲೀಟರ್ ಬೀಳುತ್ತದೆ. ಸೋರಿ ಆರಿ ಹೋದದ್ದು ಕಳೆದರೂ ಹತ್ತು-ಹನ್ನೆರಡು ಟ್ಯಾಂಕರ್ ಉಳಿಯುತ್ತದೆ. ಅದನ್ನು ಬೋರಿನ ಬುಡಕ್ಕೆ ಇಳಿಸುವ ಗುಂಡಿ ಇದೆಯೇ ಎಂದು ಕೇಳು. ನಕ್ಷೆಯಲ್ಲಿ ತೋರಿಸಿದರೆ ಸಾಲದು, ನೆಲದಲ್ಲಿ ತೋರಿಸಲಿ.

ನೀರು ಕುಡಿಯುವುದಕ್ಕಷ್ಟೇ ಬೇಕೆಂದು ತಿಳಿದೆಯಾ? ಕಾಂಕ್ರೀಟಿಗೂ ಬೇಕು. ಸ್ಲ್ಯಾಬ್ ಹಾಕಿದ ಮೇಲೆ ಕನಿಷ್ಠ ಏಳು ದಿನ, ಬಿಸಿ ಒಣಹವೆಯಲ್ಲಿ ಹತ್ತು ದಿನ ಅದನ್ನು ಒದ್ದೆಯಾಗಿ ಇಡಬೇಕು. ನಮ್ಮಲ್ಲಿ ಟ್ಯಾಂಕರ್ ತುಟ್ಟಿ, ಬಿಸಿಲು ಜೋರು. ಉಳಿತಾಯಕ್ಕೆ ಮೊದಲು ಕತ್ತರಿ ಬೀಳುವುದು ಇಲ್ಲೇ. ಗಿಲಾವು, ಬಣ್ಣ ಬಳಿದ ಮೇಲೆ ಅದು ಯಾರಿಗೂ ಕಾಣದು. ಸವಳು ನೀರಿನಲ್ಲಿ ಕಾಂಕ್ರೀಟ್ ಕಲಸಿದರೆ ಒಳಗಿನ ಕಬ್ಬಿಣ ಬೇಗ ತುಕ್ಕು ಹಿಡಿಯುತ್ತದೆ. ಅದಕ್ಕೇ ಕಬ್ಬಿಣ ಹಾಕುವ ಕಾಂಕ್ರೀಟಿನ ನೀರಿನಲ್ಲಿ ಕ್ಲೋರೈಡ್ ಲೀಟರಿಗೆ 500 ಮಿಲಿಗ್ರಾಂ ದಾಟಬಾರದೆಂದು ಭಾರತೀಯ ಮಾನಕ 456 ಹೇಳುತ್ತದೆ. ಬೋರ್ ನೀರು ಪರೀಕ್ಷೆ ಮಾಡಿಸಿದ್ದೀರಾ ಎಂದು ಕೇಳಿದರೆ ಇಂಜಿನಿಯರ್ ನಿನ್ನನ್ನು ಮೇಲಿಂದ ಕೆಳಗೆ ನೋಡುತ್ತಾನೆ. ನೋಡಲಿ ಬಿಡು. ಎರೆಯ ನೆಲವಾದರೆ ಪಾಯ ಕೆಳಗಿನ ಗಟ್ಟಿ ಮೊರಂ ಮುಟ್ಟಿದೆಯೇ ಎಂದೂ ಕೇಳು. ಎರೆಮಣ್ಣು ಮಳೆಗೆ ಉಬ್ಬಿ ಬೇಸಗೆಗೆ ಬಿರಿಯುವುದು ಹೊಲ ಉತ್ತ ನಿನಗೆ ಹೇಳಿಕೊಡಬೇಕೇ?

ಮುದುಕನ ಹೆದರಿಕೆ ಅನ್ನಬೇಡ. 2019ರ ಮಾರ್ಚ್ 19ರಂದು ಧಾರವಾಡದ ಕುಮಾರೇಶ್ವರ ನಗರದಲ್ಲಿ ಇನ್ನೂ ಕಟ್ಟುತ್ತಿದ್ದ ಕಟ್ಟಡ ಕುಸಿದು 19 ಜನ ಸತ್ತರು. ಕೆಳಗೆ ಅಂಗಡಿಗಳು ಆಗಲೇ ನಡೆಯುತ್ತಿದ್ದವು. 2020ರ ಆಗಸ್ಟ್ 24ರಂದು ಕೊಂಕಣದ ಮಹಾಡದಲ್ಲಿ ಐದಂತಸ್ತಿನ ಕಟ್ಟಡ ಬಿದ್ದು 16 ಜನ ಹೋದರು. ಆ ಕಟ್ಟಡಕ್ಕೆ ಹತ್ತು ವರ್ಷವೂ ತುಂಬಿರಲಿಲ್ಲ. ಧಾರವಾಡವೂ ಮಹಾಡವೂ ಮುಂಬಯಿಯಲ್ಲ, ನಮ್ಮಂಥ ಊರುಗಳೇ. 1993ರಲ್ಲಿ ಭೂಕಂಪಕ್ಕೆ ಕಿಲ್ಲಾರಿ ನಡುಗಿದಾಗ ಕಲ್ಲುಮಣ್ಣಿನ ಗೋಡೆಗಳು ಮಲಗಿದ್ದವರ ಮೇಲೆ ಬಿದ್ದವು, ಹಳೇ ಮನೆಯೇ ಭದ್ರ ಎನ್ನುವುದೂ ಸುಳ್ಳು. ಚೆನ್ನಾಗಿ ಕಟ್ಟಿದ ಕಂಬ-ತೊಲೆಯ ಕಟ್ಟಡ ಅದಕ್ಕಿಂತ ಸಾವಿರ ಪಾಲು ಮೇಲು. ಚೆನ್ನಾಗಿ ಕಟ್ಟಿರಬೇಕು, ಅಷ್ಟೇ.

ಒಳಗೆ ಹೋದ ಮೇಲಿನ ಬಾಳಿನ ಮಾತು ಇನ್ನೊಂದಿದೆ. ಕೆಳಗಿನ ಅಂಗಡಿಯವನಿಗೆ ಜಾಗ ಬೇಕಾಗಿ ಒಂದು ಗೋಡೆ, ಒಂದು ಕಂಬ ಕೆತ್ತುತ್ತೇನೆ ಎಂದರೆ ಮೂರನೇ ಅಂತಸ್ತಿನ ನೀನು ಕೆಳಗಿಳಿದು ತಡೆಯಬೇಕು. ಮಾಳಿಗೆ ಎಲ್ಲರದು. ನಿನ್ನ ಜೋಳ, ಮೆಣಸಿನಕಾಯಿ ಒಣಗಿಸುವುದಿದ್ದರೆ ಉಳಿದವರಿಗೂ ಜಾಗ ಬಿಡು, ಮೊಬೈಲ್ ಟವರಿಗೆ ಯಾರೋ ಒಬ್ಬನೇ ಸಹಿ ಹಾಕಲು ಬಿಡಬೇಡ. ಅವ್ವನ ಮೊಣಕಾಲು ನೋವು ನಿನಗೆ ಗೊತ್ತು. ಲಿಫ್ಟ್ ಇದ್ದರೂ ಕರೆಂಟ್ ಹೋಗುತ್ತದೆ. ಸಿಕ್ಕರೆ ಒಂದನೇ ಅಂತಸ್ತು ತಗೋ. ಬಾಗಿಲಿಗೆ ಬಾಗಿಲು ಎದುರಾಗಿ ಮರಾಠಿಯವರೂ ಕನ್ನಡದವರೂ ಇರುತ್ತೀರಿ. ಗುಡ್ಡಾಪುರದ ದಾನಮ್ಮನ ಪ್ರಸಾದವನ್ನೂ ಯಲ್ಲಮ್ಮನ ಜಾತ್ರೆಯ ಬೆಂಡು-ಬತ್ತಾಸನ್ನೂ ಹಂಚಿಕೊಂಡೇ ಈ ಊರು ಬಾಳಿದೆ. ಅದು ಕಲಿಸಬೇಕಾದ್ದಲ್ಲ. ಕಲಿಯಬೇಕಾದದ್ದು ತಿಂಗಳ ವರ್ಗಣಿಯನ್ನು ಹೊತ್ತಿಗೆ ಸರಿಯಾಗಿ ಕೊಡುವುದು, ಲೆಕ್ಕದ ವಹಿ ಎಲ್ಲರೆದುರು ತೆರೆಯುವುದು. ಪಂಪು ಸುಟ್ಟ ದಿನ ಪ್ರೀತಿಯ ಜೊತೆಗೆ ಗಂಟಿನಲ್ಲಿ ದುಡ್ಡೂ ಬೇಕು.

ಇಷ್ಟನ್ನೆಲ್ಲ ಒಬ್ಬನೇ ಕೇಳಿದರೆ ಬಿಲ್ಡರ್ ನಿನಗೆ ಬೇರೆ ಗಿರಾಕಿಯನ್ನು ತೋರಿಸುತ್ತಾನೆ. ಅದಕ್ಕೆ ಮುಂಗಡಕ್ಕೂ ಮೊದಲು ಒಂದು ಕೆಲಸ ಮಾಡು. ಅದೇ ಕಟ್ಟಡದಲ್ಲಿ ಮನೆ ನೋಡಿ ಹೋದ ಇನ್ನು ನಾಲ್ವರನ್ನು ಹುಡುಕು. ಐವರೂ ಒಂದಾಗಿ ಒಬ್ಬ ವಕೀಲರನ್ನು, ಬಿಲ್ಡರನ ಸಂಬಳದಲ್ಲಿಲ್ಲದ ಒಬ್ಬ ಇಂಜಿನಿಯರನ್ನು ಹಿಡಿಯಿರಿ. ಖರ್ಚು ಐದು ಪಾಲಾಗುತ್ತದೆ, ಮಾತಿನ ತೂಕ ಐದು ಪಟ್ಟಾಗುತ್ತದೆ. ಆ ನಾಲ್ವರು ಕೂಡಲು ಒಪ್ಪದಿದ್ದರೆ ಆ ಕಟ್ಟಡವನ್ನು ಬಿಡು. ಕೊಳ್ಳುವ ಮುಂಚೆ ಕೂಡದವರು ಕೊಂಡ ಮೇಲೆ ಕೂಡುವುದಿಲ್ಲ.