ಇಂದಿನ ಚಿಂತನೆ: ಚಿತ್ರದಿಂದ ಅಳಿಸಿದವರು



ನನಗೆ ಬೆಟ್ಟ, ಹೊಳೆ, ಬಯಲುಗಳ ಫೋಟೋ ತೆಗೆಯುವ ಹುಚ್ಚಿದೆ ಎಂಬುದು ನಮ್ಮ ಬಳಗದ ಬಹುತೇಕರಿಗೆ ಗೊತ್ತು. ಆ ಹುಚ್ಚಿನಿಂದ ಕಲಿತ ಒಂದು ಪಾಠವನ್ನು ಇಂದು ಹೇಳುತ್ತೇನೆ.

ಎರಡು ವರ್ಷದ ಹಿಂದೆ ದಸರಾ ರಜೆಯಲ್ಲಿ ಕಲಬುರಗಿಯಿಂದ ನಾನು ಮತ್ತು ನನ್ನ ಬಾಳಸಂಗಾತಿ ಅಜಂತಾಕ್ಕೆ ಹೋಗಿದ್ದೆವು. ಅಲ್ಲಿನ 26ನೇ ಗುಹೆಯಲ್ಲಿ ಮಹಾಪರಿನಿಬ್ಬಾಣದ ಬುದ್ಧನ ಮೂರ್ತಿ ಇದೆ, ಸುಮಾರು 7 ಮೀಟರ್ ಉದ್ದ. ಅದನ್ನು ಕಣ್ಣಾರೆ ನೋಡಬೇಕೆಂಬುದು ಆಕೆಯ ಬಹುದಿನದ ಆಸೆ. ನನ್ನ ಆಸೆ ಬೇರೆ. ವಾಘೋರಾ ಹೊಳೆ ಕುದುರೆ ಲಾಳದಂತೆ ತಿರುಗುವ ಕಣಿವೆ ಮತ್ತು ಬಂಡೆಯಲ್ಲಿ ಕೊರೆದ ಗುಹೆಗಳ ಸಾಲು ಒಂದೇ ಚಿತ್ರದಲ್ಲಿ ಬರಬೇಕಿತ್ತು. ಅದಕ್ಕೆ ಎದುರಿನ ಗುಡ್ಡ ಹತ್ತಬೇಕು.

"ಮೊದಲು ಗುಡ್ಡ, ಆಮೇಲೆ ಗುಹೆ" ಎಂದೆ. ಮೇಲೆ ಹೋಗಿ ಟ್ರೈಪಾಡ್ ನಿಲ್ಲಿಸಿದರೆ ಮೋಡ ಮುಸುಕಿತ್ತು. "ಇನ್ನು ಹತ್ತು ನಿಮಿಷ" ಎನ್ನುತ್ತ ಎರಡು ತಾಸು ಕಳೆದೆ. ಆಕೆ ನನ್ನ ಲೆನ್ಸಿನ ಚೀಲ ತೊಡೆಯ ಮೇಲಿಟ್ಟುಕೊಂಡು ಬಂಡೆಯ ಮೇಲೆ ಕುಳಿತಿದ್ದಳು. ಬೆಳಕು ಬಂತು, ಫೋಟೋ ಸಿಕ್ಕಿತು. ಇಳಿದು ಹೋಗುವಷ್ಟರಲ್ಲಿ ಗುಹೆ ಮುಚ್ಚುವ ಹೊತ್ತಾಗಿತ್ತು. ಮರುದಿನ ನಾಗಪುರದ ದೀಕ್ಷಾಭೂಮಿಗೆ ಹೊರಡಲೇಬೇಕಿತ್ತು.

ಬಸ್ಸಿನಲ್ಲಿ ಆಕೆ ಇಷ್ಟೇ ಅಂದಳು: "ನೀವು ಬೆಳಕಿಗಿ ಕಾಯ್ತೀರಿ, ನಾ ನಿಮಗ ಕಾಯ್ತೀನಿ."

ಊರಿಗೆ ಬಂದ ಮೇಲೆ ಇನ್ನೊಂದು ತಪ್ಪು ಮಾಡಿದೆ. ಆ ಫೋಟೋದ ಮೂಲೆಯಲ್ಲಿ ಆಕೆಯ ತಲೆ, ಭುಜ ಬಂದಿದ್ದವು. ದೃಶ್ಯ ಕೆಡುತ್ತದೆಂದು ಮೊಬೈಲಿನಲ್ಲೇ ಅಳಿಸಿಬಿಟ್ಟೆ. ಎರಡೂ ಚಿತ್ರ ಆಕೆಯ ಕಣ್ಣಿಗೆ ಬಿದ್ದವು. "ನನ್ನ ಅಳಿಸಿದ ಮ್ಯಾಲ ಚಂದ ಆಗ್ಯಾದೇನ್ರೀ?" ಎಂದು ಕೇಳಿದಳು. ನನ್ನಲ್ಲಿ ಉತ್ತರವಿರಲಿಲ್ಲ.

ಬಂಧುಗಳೇ, ಸಿಗಾಲೋವಾದ ಸುತ್ತದಲ್ಲಿ ಭಗವಾನ್ ಬುದ್ಧರು ಗಂಡನಿಗೆ ಹೇಳಿದ ಐದು ಕರ್ತವ್ಯಗಳಲ್ಲಿ ಮೊದಲನೆಯದು ಹೆಂಡತಿಯನ್ನು ಗೌರವಿಸುವುದು, ಎರಡನೆಯದು ಅವಮಾನಿಸದಿರುವುದು. ಬಾಬಾಸಾಹೇಬರೂ 'ಬುದ್ಧ ಮತ್ತು ಆತನ ಧಮ್ಮ' ಕೃತಿಯಲ್ಲಿ ಗೃಹಸ್ಥರ ವಿನಯಕ್ಕೆ ಜಾಗ ಕೊಟ್ಟಿದ್ದಾರೆ. ನಾನು ಬಳಗದಲ್ಲಿ ಇದನ್ನು ವಿವರಿಸುವಾಗ 'ಬೈಯಬಾರದು, ಹೊಡೆಯಬಾರದು' ಎಂದಷ್ಟೇ ಹೇಳುತ್ತಿದ್ದೆ. ಒಬ್ಬರ ಹೊತ್ತಿಗೆ ಬೆಲೆಯೇ ಇಲ್ಲವೆಂಬಂತೆ ಕಾಯಿಸುವುದೂ ಅಗೌರವವೇ ಎಂದು ಹೊಳೆದಿರಲಿಲ್ಲ.

ಹವ್ಯಾಸ ಬಿಡುತ್ತೇನೆ ಎಂದೆ. ಆಕೆ ಒಪ್ಪಲಿಲ್ಲ. "ಬಿಡೋದು ಬ್ಯಾಡ್ರಿ, ಹೊತ್ತು ಹಂಚ್ಕೊಂಡ್ರ ಸಾಕು" ಅಂದಳು. ಇಬ್ಬರೂ ಕೂತು ಹೀಗೆ ಮಾಡಿಕೊಂಡೆವು:

1. ಸೂರ್ಯೋದಯದ ಹೊತ್ತು ನನ್ನದು. ನಾನೊಬ್ಬನೇ ಹೋಗಿ ತಿಂಡಿಯ ವೇಳೆಗೆ ಮರಳಬೇಕು. ಆಕೆ ನೆಮ್ಮದಿಯಾಗಿ ಮಲಗಬಹುದು.
2. ಹಗಲು ಆಕೆಯದು. ನಡುಹಗಲಿನ ಬಿರುಬಿಸಿಲು ಬಯಲಿನ ಫೋಟೋಗೆ ಹೇಗೂ ಒಗ್ಗದು. ಗುಹೆ, ಸಂಗ್ರಹಾಲಯ, ಸಂತೆಗೆ ಅದೇ ಸರಿಯಾದ ಹೊತ್ತು.
3. ಸಂಜೆ ಒಂದೇ ಜಾಗ, ಅರ್ಧ ತಾಸು. ಬೆಳಕು ಬಾರದಿದ್ದರೂ ಏಳಬೇಕು.
4. ನನ್ನ ಚೀಲ ನಾನೇ ಹೊರಬೇಕು.

ಮೂರನೆಯದು ನನಗೆ ಈಗಲೂ ಕಷ್ಟ. ಎರಡು ಸಲ ತಪ್ಪಿದ್ದೇನೆ.

ಕಳೆದ ಚಳಿಗಾಲದಲ್ಲಿ ಸನ್ನತಿಗೆ ಹೋದೆವು. ನಸುಕಿನಲ್ಲಿ ಭೀಮಾ ನದಿಯ ಮೇಲಿನ ಮಂಜು ನನಗೆ ಸಿಕ್ಕಿತು. ಹಗಲೆಲ್ಲ ಪಕ್ಕದ ಕನಗನಹಳ್ಳಿಯ ಸ್ತೂಪದ ಬಳಿ ಕ್ಯಾಮೆರಾ ಚೀಲದಲ್ಲೇ ಇತ್ತು. ಅಶೋಕನ ಹೆಸರನ್ನು ಬ್ರಾಹ್ಮಿ ಲಿಪಿಯಲ್ಲಿ ಕೆತ್ತಿದ ಶಿಲ್ಪ ಸಿಕ್ಕಿದ್ದು ಅಲ್ಲೇ. ಅದರಲ್ಲಿ ಸಾಮ್ರಾಟ ಒಬ್ಬನೇ ಇಲ್ಲ, ಜೊತೆಗೆ ರಾಣಿಯೂ ಇದ್ದಾಳೆ. ಅದನ್ನು ನನಗೆ ನೆನಪಿಸಿದ್ದು ಆಕೆಯೇ, ನಗುತ್ತ.

26ನೇ ಗುಹೆಯ ಸಾಲ ಇನ್ನೂ ಬಾಕಿ ಇದೆ. ಬರುವ ದಸರೆಗೆ ಟ್ರೈಪಾಡ್ ಬಿಟ್ಟು ಹೋಗುತ್ತೇವೆ.

ಇಂದಿನ ಅಭ್ಯಾಸ: ನಮ್ಮ ಇಷ್ಟದ ಕೆಲಸಕ್ಕಾಗಿ ಮನೆಯಲ್ಲಿ ಯಾರು ಕಾಯುತ್ತಿದ್ದಾರೆ? ಇಂದು ಅವರನ್ನೇ ಕೇಳೋಣ.

ಭವತು ಸಬ್ಬ ಮಂಗಲಂ. ಜೈಭೀಮ್.